ಟನ್ನುಗಳ ಪಟ್ಟಿಯಲ್ಲಿ ಕಾಣದ ಪ್ರಯಾಣಿಕರು

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಉಳಿದ ಪ್ರಮುಖ ಬಂದರುಗಳು ಐದು: ಮುಂಬಯಿ, ಕಲಕತ್ತೆ, ಮದರಾಸು, ಕೊಚ್ಚಿ ಮತ್ತು ವಿಶಾಖಪಟ್ಟಣ. ಕರಾಚಿ ಕೈತಪ್ಪಿದ ಕೊರತೆಯನ್ನು ತುಂಬಲು ಕಚ್ಛದ ಕಾಂಡ್ಲಾವನ್ನು ಬೆಳೆಸಿ, 1955ರಲ್ಲಿ ಅದನ್ನೂ ಈ ಸಾಲಿಗೆ ಸೇರಿಸಲಾಯಿತು. 1950-51ರಲ್ಲಿ ಪ್ರಮುಖ ಬಂದರುಗಳೆಲ್ಲ ಸೇರಿ ನಿರ್ವಹಿಸಿದ ಸರಕು ಸುಮಾರು 2 ಕೋಟಿ ಟನ್. 2024-25ರಲ್ಲಿ ದೇಶದ 12 ಪ್ರಮುಖ ಬಂದರುಗಳು ನಿರ್ವಹಿಸಿದ್ದು ಸುಮಾರು 85 ಕೋಟಿ ಟನ್. ಮುಂದ್ರಾದಂಥ ಖಾಸಗಿ ಬಂದರುಗಳ ಪಾಲನ್ನೂ ಕೂಡಿಸಿದರೆ ಮೊತ್ತ ಇದರ ಇಮ್ಮಡಿಯ ಸಮೀಪಕ್ಕೆ ಬರುತ್ತದೆ.

ಮುಕ್ಕಾಲು ಶತಮಾನದಲ್ಲಿ ನಲವತ್ತು ಪಟ್ಟಿಗೂ ಮಿಗಿಲಾದ ಈ ಬೆಳವಣಿಗೆ ಹೆಮ್ಮೆ ಪಡತಕ್ಕದ್ದೇ. ಆದರೆ ಇದೇ ಅವಧಿಯಲ್ಲಿ ನಮ್ಮ ಬಂದರುಗಳಿಂದ ಮನುಷ್ಯರು ಕಡಿಮೆಯಾಗುತ್ತ ಹೋದರು. ಒಂದು ಕಾಲಕ್ಕೆ ಬಂದರೆಂದರೆ ಊರಿನ ಹೆಬ್ಬಾಗಿಲು. ಜನರೂ ಸರಕೂ ಅದೇ ಬಾಗಿಲಿನಿಂದ ಒಳಬರುತ್ತಿದ್ದರು. ಇಂದು ಅದು ಬಹುಮಟ್ಟಿಗೆ ಸರಕಿನ ಬಾಗಿಲು ಮಾತ್ರ. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನನ್ನಂಥವನಿಗೆ ಈ ಬದಲಾವಣೆಯಲ್ಲಿ ಒಂದು ಪ್ರಶ್ನೆ ಎದ್ದು ಕಾಣುತ್ತದೆ: ನಾವು ಯಾವುದನ್ನು ಎಣಿಸಿದೆವು, ಯಾವುದನ್ನು ಬರೆದಿಟ್ಟೆವು, ಯಾವುದನ್ನು ಬಿಟ್ಟೆವು? ಹೊರನಾಡಿನ ಕನ್ನಡಿಗರಿಗೆ, ಅದರಲ್ಲೂ ಮುಂಬಯಿಯಲ್ಲಿ ನೆಲೆಸಿದವರಿಗೆ, ಈ ಪ್ರಶ್ನೆ ದೂರದ್ದಲ್ಲ.

ಮುಂಬಯಿಯ ಬಂದರು ಬೆಳೆದದ್ದು ಹತ್ತಿಯಿಂದ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬಾರದಾದಾಗ ಪಶ್ಚಿಮ ಭಾರತದ ಹತ್ತಿಗೆ ಬೇಡಿಕೆ ಕುದುರಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಯುರೋಪಿನಿಂದ ಬರುವ ಹಡಗಿಗೆ ಮುಂಬಯಿಯೇ ಭಾರತದ ಮೊದಲ ಮೆಟ್ಟಿಲಾಯಿತು. 1873ರಲ್ಲಿ ಪೋರ್ಟ್ ಟ್ರಸ್ಟ್, 1875ರಲ್ಲಿ ಸಸೂನ್ ಡಾಕ್, 1880ರಲ್ಲಿ ಪ್ರಿನ್ಸೆಸ್ ಡಾಕ್, ಆ ಬಳಿಕ ವಿಕ್ಟೋರಿಯಾ ಡಾಕ್, 1914ರಲ್ಲಿ ಇಂದು ಇಂದಿರಾ ಡಾಕ್ ಎನಿಸಿರುವ ಅಲೆಕ್ಸಾಂಡ್ರಾ ಡಾಕ್, ಹೀಗೆ ಕಡಲನ್ನು ಹಿಂದೆ ಸರಿಸುತ್ತ ಕಲ್ಲಿನ ಕಟ್ಟೆಗಳು ಎದ್ದವು.

ಹತ್ತಿಯ ಹಿಂದೆಯೇ ಜನರೂ ಹೋಗಿಬಂದರು. 1893ರ ಮೇ 31ರಂದು ಸ್ವಾಮಿ ವಿವೇಕಾನಂದರು ಅಮೆರಿಕದತ್ತ ಹೊರಟದ್ದು ಮುಂಬಯಿಯಿಂದ. 1915ರ ಜನವರಿ 9ರಂದು ಗಾಂಧೀಜಿ ಬಂದಿಳಿದದ್ದು ಅಪೊಲೊ ಬಂದರದಲ್ಲಿ. 1947ರಲ್ಲಿ ಕರಾಚಿಯಿಂದ ಸಿಂಧಿ ನಿರಾಶ್ರಿತರು ಹಡಗುಗಳಲ್ಲಿ ಬಂದು ಸೇರಿದ್ದೂ ಇದೇ ತೀರಕ್ಕೆ. 1948ರ ಫೆಬ್ರುವರಿ 28ರಂದು ಬ್ರಿಟಿಷ್ ಸೇನೆಯ ಕೊನೆಯ ತುಕಡಿ ಗೇಟ್‌ವೇ ಆಫ್ ಇಂಡಿಯಾದ ಕಮಾನಿನ ಮೂಲಕ ಹಾದು ಹಡಗೇರಿತು. ಇವೆಲ್ಲ ಇತಿಹಾಸದ ಪುಸ್ತಕಗಳಲ್ಲಿ ಇವೆ.

ಪುಸ್ತಕಗಳಲ್ಲಿ ಇಲ್ಲದ ಇನ್ನೊಂದು ಆಗಮನವಿದೆ. ಅದರ ದಾರಿಯನ್ನು ತಿಳಿಯಲು ನಮ್ಮ ಕರಾವಳಿಗೆ ಹೋಗಬೇಕು.

ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಮೂಲಕ ಕಡಲು ಸೇರುತ್ತಿದ್ದ ಕಾಲವೊಂದಿತ್ತು. ಹತ್ತಿ ಮಾರುಕಟ್ಟೆಯಲ್ಲಿ ಆ ತಳಿಗೆ ‘ಕುಮಟಾ’ ಎಂಬ ಹೆಸರೇ ನಿಂತುಬಿಟ್ಟಿತು. ಬೆಳೆದ ಊರಿನ ಹೆಸರಲ್ಲ, ಹಡಗೇರಿದ ಊರಿನ ಹೆಸರು. ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಕಾರವಾರದ ಸಹಜ ಬಂದರಿನ ಮೇಲೂ ಬಿದ್ದಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಬಂದರಿನ ಆಸೆಯೂ ಇತ್ತು. ಆದರೆ 1880ರ ದಶಕದ ಕೊನೆಗೆ ರೈಲು ಮಾರ್ಗ ಘಟ್ಟವಿಳಿದದ್ದು ಕಾರವಾರಕ್ಕಲ್ಲ, ಪೋರ್ಚುಗೀಸರ ಮಾರ್ಮಗೋವಾಕ್ಕೆ. ಹತ್ತಿ ರೈಲನ್ನು ಹಿಂಬಾಲಿಸಿತು. ಕುಮಟೆ, ಕಾರವಾರಗಳ ಕನಸು ಸೊರಗಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸರಕಿಗೆ ರೈಲು ಸಿಕ್ಕಿತು, ಕರಾವಳಿಯ ಜನರಿಗೆ ಸಿಗಲಿಲ್ಲ. ಮಂಗಳೂರಿಗೆ 1907ರಲ್ಲಿ ರೈಲು ಬಂತಾದರೂ ಅದು ಬಂದದ್ದು ಮದರಾಸಿನ ಕಡೆಯಿಂದ. ಮಂಗಳೂರಿನಿಂದ ಮುಂಬಯಿಗೆ ಹೋಗುವವನಿಗೆ ಆ ದಾರಿ ದೇಶ ಸುತ್ತುವ ದಾರಿ. ಹಾಗಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕರಾವಳಿಯ ಜನರ ಪಾಲಿನ ಹೆದ್ದಾರಿ ಕಡಲೇ. ಬಾಂಬೆ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಉಗಿಹಡಗುಗಳು, ಕರಾವಳಿಯ ಮಾತಿನಲ್ಲಿ ಆಗಬೋಟುಗಳು, ಮಂಗಳೂರು, ಮಲ್ಪೆ, ಭಟ್ಕಳ, ಹೊನ್ನಾವರ, ಕುಮಟೆ, ಕಾರವಾರಗಳನ್ನು ಗೋವಾ, ವೆಂಗುರ್ಲೆ, ಮಾಲವಣ, ರತ್ನಾಗಿರಿಗಳೊಡನೆ ಪೋಣಿಸಿ ಮುಂಬಯಿಗೆ ಕಟ್ಟಿಹಾಕಿದ್ದವು.

ಈ ಊರುಗಳಲ್ಲಿ ಹೆಚ್ಚಿನವು ನದಿಯ ಅಳಿವೆಯಲ್ಲಿರುವ ಬಂದರುಗಳು. ಅಳಿವೆಯ ಬಾಯಿಗೆ ಮರಳಿನ ದಿಬ್ಬ ಕಟ್ಟುವುದರಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಹಳೆಯ ಮಂಗಳೂರು ಬಂದರಿಗೂ ಇದೇ ತೊಡಕು. ಆಗಬೋಟು ಹೊರಗೆ ಲಂಗರು ಹಾಕಿ ನಿಲ್ಲುತ್ತಿತ್ತು. ಜನರು ದೋಣಿಗಳಲ್ಲಿ ಅಲ್ಲಿಯವರೆಗೆ ಹೋಗಿ, ಅಲೆಯ ಏರಿಳಿತ ನೋಡಿಕೊಂಡು ಹತ್ತಬೇಕಿತ್ತು. ಮಳೆಗಾಲ ಬಂತೆಂದರೆ ಈ ಸಂಚಾರವೂ ನಿಲ್ಲುತ್ತಿತ್ತು. ಊರಿಗೂ ಮುಂಬಯಿಗೂ ನಡುವಿನ ಬಾಗಿಲು ವರ್ಷಕ್ಕೆ ಕೆಲವು ತಿಂಗಳು ಮುಚ್ಚಿಯೇ ಇರುತ್ತಿತ್ತು.

ಮುಂಬಯಿಯ ಭಾವೂಚಾ ಧಕ್ಕಾ ಎಂಬ ಹೆಸರು ಆ ತಲೆಮಾರಿನವರಿಗೆ ಚಿರಪರಿಚಿತ. 19ನೇ ಶತಮಾನದಲ್ಲಿ ‘ಭಾವೂ’ ಎಂದೇ ಜನಪ್ರಿಯರಾಗಿದ್ದ ಲಕ್ಷ್ಮಣ ಹರಿಶ್ಚಂದ್ರ ಅಜಿಂಕ್ಯ ಅವರು ಕಟ್ಟಿಸಿದ ಕಟ್ಟೆಯಿಂದ ಬಂದ ಹೆಸರದು. ಮರಾಠಿಯ ‘ಧಕ್ಕಾ’ ಮಂಗಳೂರಿನಲ್ಲಿ ‘ದಕ್ಕೆ’. ಹತ್ತುವ ಜಾಗಕ್ಕೂ ಇಳಿಯುವ ಜಾಗಕ್ಕೂ ಒಂದೇ ಪದ. ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಗೋದಿಯಲ್ಲಿ ಕೆಲಸ ಹುಡುಕಿ ಬಂದ ಹುಡುಗರು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಓದಿದವರು, ಮುಂದೆ ಸಂಘಗಳನ್ನು ಕಟ್ಟಿದವರು, ಇವರಲ್ಲಿ ಬಹುಮಂದಿಯ ಮುಂಬಯಿ ಶುರುವಾದದ್ದು ಆಗಬೋಟಿನ ಡೆಕ್ಕಿನಿಂದ.

ಆ ಪ್ರಯಾಣ ಎಷ್ಟು ಅಪಾಯದ್ದಾಗಿತ್ತು ಎಂಬುದಕ್ಕೆ ‘ರಾಮದಾಸ್’ ಹಡಗಿನ ದುರಂತವೇ ಸಾಕ್ಷಿ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ತಿಂಗಳೊಪ್ಪತ್ತು ಕೂಡ ಇಲ್ಲದಾಗ, ಮುಂಬಯಿಯಿಂದ ಸಮೀಪದ ರೇವಸ್ಸಿಗೆ ಹೊರಟ ಈ ಹಡಗು ಮಳೆಗಾಲದ ಕಡಲಿನಲ್ಲಿ ಮಗುಚಿತು. ಸತ್ತವರು 600ಕ್ಕೂ ಹೆಚ್ಚು. ಎಷ್ಟು ಹೆಚ್ಚು ಎಂಬುದಕ್ಕೆ ಒಂದೊಂದು ಬರಹದಲ್ಲಿ ಒಂದೊಂದು ಸಂಖ್ಯೆ ಕಾಣುತ್ತದೆ. ಮೃತರ ಲೆಕ್ಕವೇ ಹೀಗೆ ಅಸ್ಪಷ್ಟವಾಗಿದ್ದರೆ, ಸುರಕ್ಷಿತವಾಗಿ ಬಂದಿಳಿದು ಜನಜಂಗುಳಿಯಲ್ಲಿ ಕರಗಿದವರನ್ನು ಯಾರು ಬರೆದಿಟ್ಟಾರು?

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಪ್ರಯಾಣಿಕರನ್ನು ನೆನೆಯಬಹುದು. 1834ರಿಂದ 1917ರವರೆಗೆ ಕಲಕತ್ತೆ, ಮದರಾಸುಗಳಿಂದ ಮಾರಿಷಸ್, ಟ್ರಿನಿಡಾಡ್, ಸುರಿನಾಮ್, ಫಿಜಿಗಳಿಗೆ ಕರಾರಿನ ಕೂಲಿಗಳಾಗಿ ಹೋದವರ ಬದುಕು ಬವಣೆಯದು, ಆ ಪದ್ಧತಿ ಅಮಾನುಷವಾದುದು. ಆದರೆ ಅವರಿಗೆ ಕೊಟ್ಟ ವಲಸೆ ಚೀಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಹಳ್ಳಿ, ಎತ್ತರ, ಮೈಮೇಲಿನ ಗುರುತು ಎಲ್ಲವೂ ದಾಖಲಾದವು. ಆಳಿಗೆ ಬೆಲೆ ಕಟ್ಟಿದವರು ಆಳನ್ನು ಕಳೆದುಕೊಳ್ಳಲು ಸಿದ್ಧರಿರಲಿಲ್ಲ. ಆ ಚೀಟಿಗಳನ್ನೇ ಹಿಡಿದು ಇಂದು ಅವರ ಮರಿಮಕ್ಕಳು ಬಿಹಾರದ, ಆಂಧ್ರದ, ತಮಿಳುನಾಡಿನ ಹಳ್ಳಿಗಳನ್ನು ಹುಡುಕಿಕೊಂಡು ಬರುತ್ತಾರೆ. ನಮ್ಮ ಕರಾವಳಿಯವರು ಹೋದದ್ದು ತಮ್ಮದೇ ದೇಶದ ಇನ್ನೊಂದು ಬಂದರಿಗೆ. ಪಾಸ್‌ಪೋರ್ಟ್ ಬೇಡ, ಕರಾರು ಬೇಡ; ಟಿಕೆಟ್ಟೊಂದಿದ್ದರೆ ಸಾಕು. ಅವರ ಸ್ವಾತಂತ್ರ್ಯವೇ ಅವರನ್ನು ದಾಖಲೆಯಿಂದ ಹೊರಗಿಟ್ಟಿತು. ಬಂದರಿನ ಲೆಕ್ಕದಲ್ಲಿ ಅವರು ತಲೆಯೆಣಿಕೆ ಮಾತ್ರ.

ಆ ತಲೆಯೆಣಿಕೆಯೂ ಇಳಿಯತೊಡಗಿದ್ದು ಸ್ವಾತಂತ್ರ್ಯಾನಂತರ. ಹೊಳೆಗಳಿಗೆ ಸೇತುವೆಗಳಾದವು, ಕರಾವಳಿಯುದ್ದಕ್ಕೂ ರಸ್ತೆ ಕೂಡಿಕೊಂಡಿತು, ಮಳೆಗಾಲದಲ್ಲೂ ಓಡುವ ಬಸ್ಸುಗಳು ಬಂದವು. ಹಳೆಯ ಹಡಗುಗಳ ದುರಸ್ತಿಗೆ ಹಣ ಹೆಚ್ಚಾಗುತ್ತಿದ್ದಾಗ ಟಿಕೆಟ್ಟಿನ ದರವನ್ನು ಅದಕ್ಕೆ ತಕ್ಕಂತೆ ಏರಿಸುವಂತಿರಲಿಲ್ಲ. 1973ರಲ್ಲಿ ಕೊಂಕಣ ಕರಾವಳಿಯ ಪ್ರಯಾಣಿಕ ಸೇವೆ ಸರ್ಕಾರಿ ಒಡೆತನದ ಮೊಘಲ್ ಲೈನಿನ ಕೈಗೆ ಬಂತು. ಮುಂಬಯಿ–ಗೋವಾ ನಡುವೆ ಉಳಿದಿದ್ದ ಹಡಗು ಸಂಚಾರ 1980ರ ದಶಕದ ಕೊನೆಯ ಹೊತ್ತಿಗೆ ನಿಂತುಹೋಯಿತು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ಣ ಮಾರ್ಗದಲ್ಲಿ ಓಡಿದಾಗ, ಹತ್ತಿಗೆ ಒಂದು ಶತಮಾನದ ಹಿಂದೆಯೇ ದೊರೆತದ್ದು ಜನರಿಗೂ ದೊರೆಯಿತು.

ಪೂರ್ವ ಕರಾವಳಿಯ ಕಥೆಯೂ ಹೆಚ್ಚು ಬೇರೆಯಲ್ಲ. ಸಾವಿರಾರು ಡೆಕ್ ಪ್ರಯಾಣಿಕರನ್ನು ಹೊತ್ತು ಮದರಾಸಿಗೂ ಮಲಯ, ಸಿಂಗಾಪುರಗಳಿಗೂ ನಡುವೆ ದಶಕಗಳ ಕಾಲ ಓಡಾಡಿದ ‘ರಜೂಲಾ’ 1970ರ ದಶಕದ ಆರಂಭದಲ್ಲಿ ನಿವೃತ್ತವಾಯಿತು. ಅದರ ಜಾಗಕ್ಕೆ ಬಂದ ‘ಚಿದಂಬರಂ’ ಹಡಗಿನಲ್ಲಿ 1985ರ ಫೆಬ್ರುವರಿಯಲ್ಲಿ ಬೆಂಕಿ ಬಿದ್ದು ಹಲವರು ಸತ್ತರು. ಆ ಸೇವೆಯೂ ಅಲ್ಲಿಗೆ ಮುಗಿಯಿತು. ಮದರಾಸಿನ ಬೋಟ್ ಮೇಲ್ ರೈಲು ಹಿಡಿದು ಧನುಷ್ಕೋಟಿಯಲ್ಲಿ ಹಡಗು ಹತ್ತಿ ಸಿಂಹಳಕ್ಕೆ ಹೋಗುವ ದಾರಿ 1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿಯೊಡನೆಯೇ ಕೊಚ್ಚಿಹೋಯಿತು. 1967ರಿಂದ 1975ರವರೆಗೆ ಸೂಯೆಜ್ ಮುಚ್ಚಿದ್ದು, ಜೊತೆಗೆ ದೊಡ್ಡ ಜೆಟ್ ವಿಮಾನಗಳು ಬಂದದ್ದು, ಯುರೋಪಿನ ಹಡಗು ಪ್ರಯಾಣಕ್ಕೆ ಕೊನೆಯ ಪೆಟ್ಟು. ಮುಂಬಯಿಯಿಂದ ಹಜ್ ಯಾತ್ರಿಕರನ್ನು ಒಯ್ಯುತ್ತಿದ್ದ ಹಡಗು ಯಾನವೂ 1995ರಲ್ಲಿ ನಿಂತಿತು.

ಪ್ರಯಾಣಿಕರು ಬಂದರನ್ನು ಬಿಟ್ಟುಹೋದ ಕಾಲದಲ್ಲೇ ಸರಕೂ ರೂಪ ಬದಲಿಸಿತು. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್‌ಲೀನ್ ಎಂಬ ಲಾರಿ ಉದ್ಯಮಿ ಅಮೆರಿಕದ ನ್ಯೂಆರ್ಕಿನಿಂದ ಹ್ಯೂಸ್ಟನ್ನಿಗೆ ಒಂದೇ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ಕಳಿಸಿದ. 1973ರಲ್ಲಿ ಅಂಥ ಕಂಟೇನರು ಕೊಚ್ಚಿಗೆ ಬಂತು. 1989ರಲ್ಲಿ ಮುಂಬಯಿಯ ಎದುರು ದಂಡೆಯ ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಆರಂಭವಾಯಿತು. ಪ್ರಮುಖ ಬಂದರುಗಳ ಕಂಟೇನರ್ ವಹಿವಾಟಿನಲ್ಲಿ ಅರ್ಧದಷ್ಟು ಇಂದು ಅದರದೇ.

ಕಂಟೇನರು ಬರುವ ಮುಂಚೆ ಸರಕೆಂದರೆ ಮೂಟೆ, ಪಿಂಡಿ, ಪೀಪಾಯಿ. ಪ್ರತಿಯೊಂದನ್ನೂ ಮನುಷ್ಯನ ಬೆನ್ನು ಮುಟ್ಟಬೇಕಿತ್ತು. ದಿನದಿನದ ಹಾಜರಿಗೆ ಕಾದು ನಿಲ್ಲುತ್ತಿದ್ದ ಗೋದಿ ಕಾರ್ಮಿಕರಿಗೆ ಖಚಿತ ಉದ್ಯೋಗದ ಹಕ್ಕು ಕೊಡಲೆಂದು ಬಂದದ್ದು 1948ರ ಕಾಯಿದೆ. ಮುಂಬಯಿಯಲ್ಲಿ ಆ ಕಾರ್ಮಿಕರನ್ನು ಸಂಘಟಿಸಿದವರಲ್ಲಿ ಅಗ್ರಗಣ್ಯರು ಮಂಗಳೂರಿನ ಕಡೆಯ ಪ್ಲಾಸಿಡ್ ಡಿಮೆಲ್ಲೊ. ಗೋದಿಗಳ ಪಕ್ಕದಲ್ಲೇ ಸಾಗುವ ಹಳೆಯ ಫ್ರಿಯರ್ ರಸ್ತೆ ಈಗ ಪಿ. ಡಿಮೆಲ್ಲೊ ರಸ್ತೆ. ಅವರ ಒಡನಾಟದಲ್ಲಿ ಸಂಘಟನೆಯ ಪಾಠ ಕಲಿತ ಜಾರ್ಜ್ ಫರ್ನಾಂಡಿಸರೂ ಮಂಗಳೂರಿನವರೇ. ಕ್ರೇನೊಂದು ಕೆಲವೇ ನಿಮಿಷಗಳಲ್ಲಿ ಕಂಟೇನರನ್ನು ಎತ್ತಿಡುವ ಇಂದಿನ ಬಂದರಿನಲ್ಲಿ ಅಂಥ ಸಾವಿರಾರು ಜನರ ದುಡಿಮೆಗೆ ಜಾಗವಿಲ್ಲ. ಹಡಗಿನಿಂದ ಇಳಿಯುವವನೂ ಹೋದ, ಇಳಿಸುವವನೂ ಹೋದ.

ಕರ್ನಾಟಕದ ಬಂದರುಗಳಲ್ಲೂ ಇದೇ ಜಾಡು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದದ್ದು ಕುದುರೆಮುಖದ ಅದಿರಿನ ಭರವಸೆಯ ಮೇಲೆ. 2005ರ ಕೊನೆಗೆ ಗಣಿಗಾರಿಕೆ ನಿಂತರೂ ಬಂದರು ಬಡವಾಗಲಿಲ್ಲ. ಕಚ್ಚಾತೈಲ, ಪೆಟ್ರೋಲಿಯಂ ಉತ್ಪನ್ನ, ಕಲ್ಲಿದ್ದಲು ಅದರ ಜಾಗ ತುಂಬಿದವು. ಸರಕಿಗೆ ಬದಲಿ ಸರಕು ಸಿಗುತ್ತದೆ. ಮುಂಬಯಿ ಆಗಬೋಟಿನ ಪ್ರಯಾಣಿಕನಿಗೆ ಬದಲಿ ಬರಲಿಲ್ಲ.

ಹಾಗೆಂದು ಬಂದರುಗಳಲ್ಲಿ ಜನರೇ ಇಲ್ಲವೆಂದಲ್ಲ. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣಗಳಿಂದ ಅಂಡಮಾನಿಗೆ ಹಡಗುಗಳಿವೆ. ಮುಂಬಯಿಯಿಂದ ಅಲಿಬಾಗಿನ ಕಡೆಗೆ ನಿತ್ಯ ಸಂಚಾರವಿದೆ. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಶ್ರೀಲಂಕೆಯ ಕಾಂಕೇಸಂತುರೈಗೆ ಮತ್ತೆ ಹಡಗು ಹೊರಟಿತು. ಮುಂಬಯಿ, ಕೊಚ್ಚಿ, ಮಂಗಳೂರುಗಳಿಗೆ ವಿಹಾರ ಹಡಗುಗಳೂ ಬರುತ್ತಿವೆ. ಆದರೆ ವಿಹಾರಕ್ಕೆ ಹೊರಟವನು ಊರು ನೋಡಿ ಹಡಗಿಗೆ ಮರಳುತ್ತಾನೆ. ಆಗಬೋಟಿನವನು ಇಳಿದರೆ ಅಲ್ಲೇ ನೆಲೆ ಹುಡುಕಬೇಕಿತ್ತು.

ಇಂದು ಜಗತ್ತಿನಲ್ಲಿ ಸಂಚರಿಸುವ ಪ್ರತಿ ಕಂಟೇನರಿಗೂ ನಾಲ್ಕು ಅಕ್ಷರ, ಏಳು ಅಂಕಿಗಳ ಗುರುತಿದೆ. ಯಾವ ಪೆಟ್ಟಿಗೆ ಯಾವ ಬಂದರಿನಲ್ಲಿ ಯಾವಾಗ ಇಳಿಯಿತೆಂದು ಕುಳಿತಲ್ಲೇ ತಿಳಿಯಬಹುದು. ಭಾವೂಚಾ ಧಕ್ಕಾದಲ್ಲಿ ಇಳಿದ ಒಬ್ಬ ಕುಂದಾಪುರದ ಹುಡುಗನ ಬಗ್ಗೆ ಅಷ್ಟನ್ನೂ ಹೇಳುವ ಕಾಗದ ನಮ್ಮಲ್ಲಿಲ್ಲ. ಬಂದರಿನ ಕಚೇರಿಯನ್ನು ಇದಕ್ಕಾಗಿ ದೂರುವುದು ಸಲ್ಲದು. ಟನ್ನು ಎಣಿಸುವುದು ಅದರ ಕೆಲಸ, ಅದನ್ನು ಅದು ಮಾಡಿದೆ. ಬಂದವರ ಹೆಸರು ಬರೆದಿಡುವ ಕೆಲಸ ನಮ್ಮದಾಗಿತ್ತು.

1960ರ ಸುಮಾರಿಗೆ ಇಪ್ಪತ್ತರ ಹರೆಯದಲ್ಲಿ ಹಡಗೇರಿ ಬಂದವರಿಗೆ ಈಗ ಎಂಬತ್ತು ದಾಟಿದೆ. ನಮ್ಮ ಸಂಘಗಳ ಬಳಿ ಸ್ಮರಣ ಸಂಚಿಕೆಗಳಿವೆ. ಅವುಗಳಲ್ಲಿ ಅಧ್ಯಕ್ಷರ, ಕಾರ್ಯದರ್ಶಿಗಳ ಪಟ್ಟಿಯಿದೆ. ಯಾವ ದಕ್ಕೆಯಲ್ಲಿ ಹತ್ತಿದಿರಿ, ಯಾವ ತಿಂಗಳು, ಕೈಯಲ್ಲಿ ಎಷ್ಟು ದುಡ್ಡಿತ್ತು, ಎದುರುಗೊಳ್ಳಲು ಯಾರು ಬಂದಿದ್ದರು ಎಂದು ಅವರನ್ನು ಕೇಳಿ ಬರೆದಿಟ್ಟ ಪಟ್ಟಿ ಅಪರೂಪ. ಮನೆಯಲ್ಲಿ ಅಂಥ ಹಿರಿಯರಿರುವವರು ಈ ನಾಲ್ಕು ಪ್ರಶ್ನೆಗಳನ್ನಾದರೂ ಕೇಳಿ, ಉತ್ತರವನ್ನು ದಿನಾಂಕ ಸಹಿತ ಬರೆದಿಡಬಹುದು. ಮುಂಬಯಿ ಕನ್ನಡಿಗರ ಇತಿಹಾಸದ ಮೊದಲ ಅಧ್ಯಾಯ ಇನ್ನೂ ಅವರ ನೆನಪಿನಲ್ಲಿಯೇ ಉಳಿದಿದೆ.