ಎರಡನೆಯ ಹೆಸರು

ವಿಜ್ಞಾನಿಯೊಬ್ಬರ ಹಿರಿಮೆಯನ್ನು ಅಂಕಿಗಳಿಂದ ಅಳೆಯುವ ಪದ್ಧತಿ ಈಗ ಎಲ್ಲೆಡೆ ಬೇರೂರಿದೆ. ಎಷ್ಟು ಪ್ರಬಂಧಗಳನ್ನು ಪ್ರಕಟಿಸಿದರು, ಅವುಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದರು ಎಂಬ ಲೆಕ್ಕವನ್ನು ನೋಡಿಯೇ ಹುದ್ದೆಯನ್ನೂ ಬಡ್ತಿಯನ್ನೂ ನೀಡುವುದುಂಟು. ಲೆಕ್ಕ ಸುಳ್ಳು ಹೇಳದು ಎಂಬ ನಂಬಿಕೆ ನಮ್ಮದು. ಆದರೆ ಲೆಕ್ಕವನ್ನು ಯಾರ ಖಾತೆಗೆ ಬರೆದರು ಎಂಬುದನ್ನೂ ನೋಡಬೇಕಲ್ಲವೇ? ಯಲ್ಲಾಪ್ರಗಡ ಸುಬ್ಬರಾವ್ ಅವರ ವೃತ್ತಾಂತ ಈ ಮಾತಿಗೆ ಒಳ್ಳೆಯ ನಿದರ್ಶನ.

ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಜನಿಸಿದ ಸುಬ್ಬರಾವ್ ಮದ್ರಾಸಿನಲ್ಲಿ ವೈದ್ಯ ವ್ಯಾಸಂಗ ಮಾಡಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ಧರಿಸಿದ್ದರಿಂದ ಆಂಗ್ಲ ಪ್ರಾಧ್ಯಾಪಕರ ಅವಕೃಪೆಗೆ ಪಾತ್ರರಾಗಿ, ಪೂರ್ಣ ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪಡೆಯಬೇಕಾಯಿತು. 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್ ನಗರವನ್ನು ಸೇರಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೂಲಿ ಮಾಡುತ್ತ ಓದಿ, ಹಾರ್ವರ್ಡ್ ವೈದ್ಯಶಾಲೆಯಲ್ಲಿ ಸೈರಸ್ ಫಿಸ್ಕ್ ಎಂಬ ಜೀವರಸಾಯನಶಾಸ್ತ್ರಜ್ಞರ ಸಹಾಯಕರಾದರು.

1925ರಲ್ಲಿ ಇವರಿಬ್ಬರೂ ರಕ್ತ, ಮೂತ್ರಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಅದರ ತತ್ತ್ವ ಸರಳವಾದುದು. ಆಮ್ಲೀಯ ದ್ರಾವಣದಲ್ಲಿ ಫಾಸ್ಫೇಟ್ ಮಾಲಿಬ್ಡೇಟ್‌ನೊಡನೆ ಕೂಡಿಕೊಳ್ಳುತ್ತದೆ. ಆ ಸಂಯುಕ್ತವನ್ನು ತಕ್ಕ ರಾಸಾಯನಿಕದಿಂದ ಅಪಕರ್ಷಿಸಿದರೆ ನೀಲಿ ಬಣ್ಣ ಮೂಡುತ್ತದೆ. ಬಣ್ಣ ಗಾಢವಾದಷ್ಟೂ ರಂಜಕ ಹೆಚ್ಚು. ಪರಿಮಾಣ ಗೊತ್ತಿರುವ ದ್ರಾವಣದ ನೀಲಿಯೊಡನೆ ಇದನ್ನು ಹೋಲಿಸಿದರಾಯಿತು. ಪ್ರಯೋಗಾಲಯದಲ್ಲಿ ಮಕ್ಕಳಿಗೆ ಪಾಠ ಹೇಳಿದವರಿಗೆ ಇಂಥ ಸರಳತೆಯ ಬೆಲೆ ತಿಳಿದಿರುತ್ತದೆ. ಈ ವಿಧಾನವನ್ನೇ ಹಿಡಿದು ಹೊರಟ ಅವರು 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೊಕ್ರಿಯಾಟಿನ್ ಎಂಬ ವಸ್ತುವನ್ನೂ, 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಅವರಿಗೆ ಸ್ವತಂತ್ರವಾಗಿ ಎಟಿಪಿಯನ್ನೂ ಗುರುತಿಸಿದರು. ಜೀವಕೋಶದ ಶಕ್ತಿಯ ನಾಣ್ಯವೆಂದು ತರಗತಿಗಳಲ್ಲಿ ನಾವು ಬಣ್ಣಿಸುತ್ತಿದ್ದ ಎಟಿಪಿ ಇದೇ.

ಫಿಸ್ಕ್-ಸುಬ್ಬರಾವ್ ವಿಧಾನವು ದಶಕಗಳ ಕಾಲ ಲೋಕದ ಪ್ರಯೋಗಾಲಯಗಳಲ್ಲಿ ನಿತ್ಯಬಳಕೆಯಲ್ಲಿತ್ತು. ಆದುದರಿಂದ ಉಲ್ಲೇಖಗಳೂ ರಾಶಿಯಾಗಿ ಬಂದವು. ಅವುಗಳನ್ನು ಎಣಿಸುವ ಕೆಲಸ ಕ್ರಮಬದ್ಧವಾಗಿ ಆರಂಭವಾದುದು 1964ರಲ್ಲಿ, ಫಿಲಡೆಲ್ಫಿಯಾದ ಯೂಜೀನ್ ಗಾರ್ಫೀಲ್ಡ್ ಅವರು 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಎಂಬ ಬೃಹತ್ ಸೂಚಿಯನ್ನು ಹೊರತಂದಾಗ. ಅಷ್ಟರಲ್ಲಿ ಸುಬ್ಬರಾವ್ ತೀರಿಕೊಂಡು 16 ವರ್ಷಗಳಾಗಿದ್ದವು. ಮುದ್ರಿತ ಸೂಚಿಯಲ್ಲಿ, ಉಲ್ಲೇಖಗೊಂಡ ಪ್ರಬಂಧವನ್ನು ಅದರ ಮೊದಲ ಲೇಖಕರ ಹೆಸರಿನಡಿಯಲ್ಲಿ ಮಾತ್ರ ನಮೂದಿಸಲಾಗುತ್ತಿತ್ತು. ಹೀಗಾಗಿ 1925ರ ಪ್ರಬಂಧಕ್ಕೆ ಸಂದ ಉಲ್ಲೇಖಗಳೆಲ್ಲ ಫಿಸ್ಕ್ ಅವರ ಹೆಸರಿನ ಕೆಳಗೆ ಸಾಲುಗಟ್ಟಿದವು. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಗುಮಾಸ್ತಿಕೆಯ ಅನುಕೂಲ, ಅಷ್ಟೇ.

ಬದುಕಿದ್ದಾಗ ಆದ ಅನ್ಯಾಯ ಇಷ್ಟು ನಿರ್ದೋಷವಾದುದಲ್ಲ. ಹಾರ್ವರ್ಡ್ ಅವರಿಗೆ ಕಾಯಂ ಹುದ್ದೆ ಕೊಡಲಿಲ್ಲ. ಸುಬ್ಬರಾವ್ ಬೇರ್ಪಡಿಸಿದ್ದ ಕೆಲವು ನ್ಯೂಕ್ಲಿಯೊಟೈಡುಗಳನ್ನು ಇತರರು ವರ್ಷಗಳ ಬಳಿಕ ಮತ್ತೆ ಕಂಡುಹಿಡಿಯಬೇಕಾಯಿತು, ಅಸೂಯೆಯಿಂದಲೋ ಏನೋ ಫಿಸ್ಕ್ ಅವನ್ನು ಬೆಳಕಿಗೆ ಬಿಡಲಿಲ್ಲ ಎಂದು ಮುಂದೆ 1988ರ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಹೇಳಿದ್ದುಂಟು. ಹಿಚಿಂಗ್ಸ್ ಸ್ವತಃ ಫಿಸ್ಕ್ ಅವರ ಪ್ರಯೋಗಾಲಯದಲ್ಲಿ ದುಡಿದವರಾದುದರಿಂದ ಈ ಮಾತನ್ನು ಲಘುವಾಗಿ ತಳ್ಳಿಹಾಕಲಾಗದು. ಪ್ರಕಟವಾಗದ ಪ್ರಬಂಧಕ್ಕೆ ಯಾವ ಸೂಚಿಯಲ್ಲಿ ತಾನೇ ಸ್ಥಳವಿದೆ?

1940ರಲ್ಲಿ ಅವರು ನ್ಯೂಯಾರ್ಕ್ ಬಳಿಯ ಲೆಡರ್ಲೆ ಔಷಧ ಕಂಪನಿಯನ್ನು ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ಎಂಬ ಕರುಳಿನ ವ್ಯಾಧಿ ಅವರ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡಿತ್ತು. ಆ ವ್ಯಾಧಿಗೆ ಫೋಲಿಕ್ ಆಮ್ಲ ಮದ್ದಾಯಿತು. ಫೋಲಿಕ್ ಆಮ್ಲದ ಕಾರ್ಯವನ್ನು ತಡೆಯುವ ಅಮಿನಾಪ್ಟೆರಿನ್ ಕೂಡ ಅಲ್ಲಿಯೇ ಸಿದ್ಧವಾಯಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ತಗುಲಿದ ಮಕ್ಕಳಿಗೆ ನೀಡಿ, ತಾತ್ಕಾಲಿಕವಾಗಿಯಾದರೂ ರೋಗ ಹಿಮ್ಮೆಟ್ಟಿದುದನ್ನು 1948ರಲ್ಲಿ ಪ್ರಕಟಿಸಿದರು. ಕ್ಯಾನ್ಸರಿನ ಔಷಧ ಚಿಕಿತ್ಸೆಯ ಇತಿಹಾಸದಲ್ಲಿ ಮೈಲಿಗಲ್ಲೆನಿಸಿದ ಆ ಪ್ರಬಂಧದ ಐವರು ಲೇಖಕರಲ್ಲಿ ಸುಬ್ಬರಾವ್ ಇಲ್ಲ. ಅದೇ ವರ್ಷದ ಆಗಸ್ಟ್‌ನಲ್ಲಿ, 53ನೆಯ ವಯಸ್ಸಿನಲ್ಲಿ, ಅವರು ನಿದ್ರೆಯಲ್ಲಿಯೇ ಕೊನೆಯುಸಿರೆಳೆದರು.

ಭಾರತ ಸರ್ಕಾರ 1995ರಲ್ಲಿ ಅವರ ಅಂಚೆಚೀಟಿ ಹೊರಡಿಸಿತು. ನಮ್ಮ ಕರಾವಳಿಯಲ್ಲಿಯೂ ಕಲಬುರಗಿ ಸೀಮೆಯಲ್ಲಿಯೂ ಆನೆಕಾಲು ರೋಗ ತಡೆಯಲು ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಬಂದು ನುಂಗಿಸಿದ ಡಿಇಸಿ ಮಾತ್ರೆಯನ್ನು ಕಂಡವರು ಬಹಳ ಮಂದಿ. ಅದೂ ಲೆಡರ್ಲೆಯಲ್ಲಿ ಸುಬ್ಬರಾವ್ ತಂಡ ರೂಪಿಸಿದ್ದೇ. ಆಗಿನ ಹೆಸರು ಹೆಟ್ರಜಾನ್. ಇಲಿ, ನಾಯಿಗಳ ಮೇಲೆ ಅದರ ಪರಿಣಾಮವನ್ನು ವರದಿ ಮಾಡಿದ 1947ರ ಪ್ರಬಂಧಕ್ಕೆ ಆರು ಮಂದಿ ಲೇಖಕರು. ಮೊದಲ ಹೆಸರು ಹೆವಿಟ್. ಸುಬ್ಬರಾವ್ ಅವರದು ಆರನೆಯದು.