ತೊಗಲು ಹೇಳಿದ ಕಾಲ

ನಮ್ಮ ಕಡೆ ತೊಗಲು ಮುಟ್ಟಿದವನು ಮೈಲಿಗೆ, ಅಕ್ಷರದಿಂದಲೂ ದೂರ. ಮೃತ ಸಮುದ್ರದ ದಂಡೆಯ ಕುಮ್ರಾನಿನಲ್ಲಿ ಬೈಬಲಿನ ಯೆಶಾಯನ ಗ್ರಂಥವೇ ತೊಗಲಿನ ಮೇಲೆ ಕೂತಿತ್ತು. 1947ರ ಸುಮಾರಿಗೆ ಗವಿಯಲ್ಲಿ ಆ ಸುರುಳಿಗಳು ಸಿಕ್ಕಿದ್ದು ಪಂಡಿತರಿಗಲ್ಲ, ಆಡು ಕಾಯುವ ಬೆದೂಯಿನರಿಗೆ. ಆಮೇಲೆ ಕೆಲವು ಬೆತ್ಲೆಹೇಮಿನಲ್ಲಿ ಚಪ್ಪಲಿ ಹೊಲಿಯುವ ಕಾಂಡೋನ ಕೈ ಸೇರಿದವು.

ಎಷ್ಟು ಹಳೆಯವು? ಲಿಪಿ ನೋಡಿ ವಿದ್ವಾಂಸರು ಕಿತ್ತಾಡಿದರು. ಪ್ರಾಣಿ ಬದುಕಿರೋವರೆಗೆ ಮೇವಿನಿಂದ ಕಾರ್ಬನ್-14 ಮೈಗೆ ಸೇರುತ್ತಲೇ ಇರುತ್ತದೆ; ಸತ್ತ ಮೇಲೆ ಕರಗುತ್ತಾ ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಅಂದರೆ ಈ ಲೆಕ್ಕ ಬರೆದ ಕಾಲ ಹೇಳೋದಿಲ್ಲ, ಪ್ರಾಣಿ ಸತ್ತ ಕಾಲ ಹೇಳುತ್ತದೆ. ಲಿಬ್ಬಿಯ ಕಾಲಕ್ಕೆ ಗ್ರಾಂಗಟ್ಟಲೆ ಸುಡಬೇಕಿತ್ತು. ತೊಗಲು ಸುಡಲು ಧೈರ್ಯ ಬರಲಿಲ್ಲ, ಸುತ್ತಿದ್ದ ನಾರುಬಟ್ಟೆ ಸುಟ್ಟರು: ಕ್ರಿ.ಶ. 33, ಇನ್ನೂರು ವರ್ಷ ಹಿಂದೆ ಮುಂದೆ. 1991ರಲ್ಲಿ ಜ್ಯೂರಿಕ್‌ನವರಿಗೆ ಮಿಲಿಗ್ರಾಂ ತೊಗಲೇ ಸಾಕಾಯಿತು. ಯೆಶಾಯ ಸುರುಳಿ ಕ್ರಿಸ್ತನಿಗಿಂತ ಹಳೆಯದು.

ಒಣ ಗವಿ ಎರಡು ಸಾವಿರ ವರ್ಷ ಕಾಯ್ದದ್ದಕ್ಕೆ 1950ರ ದಶಕದ ಪಂಡಿತರು ಅಂಟುಟೇಪು ಹಚ್ಚಿದರು! ಅದನ್ನು ಕೀಳೋದೇ ಮುಂದಿನವರಿಗೆ ದಶಕಗಳ ಕೆಲಸವಾಯಿತು.

ಸುಲಿದವರು, ಕೂದಲು ಹೆರೆದವರು, ಹದ ಮಾಡಿದವರು ಯಾರು? ನಾವು ಕೇಳೋದು ಅದನ್ನ. 2020ರ ಡಿಎನ್‌ಎ ಪರೀಕ್ಷೆ ಅಷ್ಟಿಷ್ಟು ಹೇಳಿತು: ನೋಡಿದ ತುಣುಕುಗಳಲ್ಲಿ ಹೆಚ್ಚಿನವು ಕುರಿಯವು, ಒಂದೆರಡು ದನದವು. ಆ ಬೆಂಗಾಡಿನಲ್ಲಿ ದನ ಸಾಕಲಾಗದು. ದನದ ತೊಗಲು ಬೇರೆ ಊರಿನಿಂದ, ಬೇರೆ ಕೈಗಳಿಂದ ಬಂದಿರಬೇಕು.