ಮರಿಯಮ್ಮನವರ ಉದ್ಯಾನ: ಒಂದು ಭಕ್ತಿಪದ್ಧತಿಯ ಮಣ್ಣು ಮತ್ತು ಋತು

ಮೇ ತಿಂಗಳು ಮಾತೆ ಮರಿಯಮ್ಮನವರಿಗೆ ಮೀಸಲಾದುದೆಂದು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಮೇ ತಿಂಗಳೇ ಏಕೆ ಎಂದರೆ, ಅದು ಹೂಗಳ ತಿಂಗಳು ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರ ಹುಟ್ಟಿದ್ದು ಹಿಮ ಕರಗಿ, ವಸಂತದ ಕೊನೆಗೆ ತೋಟಗಳು ತುಂಬುವ ಐರೋಪ್ಯ ನಾಡುಗಳಲ್ಲಿ. ನಮ್ಮಲ್ಲಿ ಅದೇ ಮೇ ಮಳೆಗಾಗಿ ಮುಗಿಲು ನೋಡುವ ಕಾಲ. ಭಕ್ತಿಪದ್ಧತಿಯೊಂದಕ್ಕೆ ತನ್ನದೇ ಮಣ್ಣು ಮತ್ತು ಋತು ಇರುತ್ತವೆಯೆ? ಅವನ್ನು ಬಿಟ್ಟು ಹೆಸರನ್ನೂ ದಿನಾಂಕವನ್ನೂ ಮಾತ್ರ ಎರವಲು ತಂದರೆ ಏನಾಗುತ್ತದೆ? ಮಾತೆಯ ಪ್ರತಿಮೆಯ ಸುತ್ತ, ಅವರ ಹೆಸರನ್ನು ಅಥವಾ ಗುಣಗಳನ್ನು ನೆನಪಿಸುವ ಸಸ್ಯಗಳನ್ನೇ ಆರಿಸಿ ನೆಡುವ ‘ಮರಿಯಮ್ಮನವರ ಉದ್ಯಾನ’ದ ಚರಿತ್ರೆಯನ್ನು ಈ ಪ್ರಶ್ನೆಯೊಂದಿಗೆ ಪರಿಶೀಲಿಸೋಣ.

ಈ ಉದ್ಯಾನದ ಬೇರು ಮಧ್ಯಯುಗದ ಮಠಗಳಲ್ಲಿದೆ. ಕಾನ್‌ಸ್ಟನ್ಸ್ ಸರೋವರದ ರೈಷೆನಾವ್ ದ್ವೀಪದ ಬೆನೆಡಿಕ್ಟೈನ್ ಮಠಾಧಿಪತಿ ವಾಲಾಫ್ರಿಡ್ ಸ್ಟ್ರಾಬೊ (ಮರಣ 849) ತನ್ನ ಪುಟ್ಟ ತೋಟವನ್ನು ಕುರಿತು ‘ಹಾರ್ಟುಲುಸ್’ ಎಂಬ ಲ್ಯಾಟಿನ್ ಕಾವ್ಯವನ್ನು ರಚಿಸಿದನು. ಆ ಕಾವ್ಯ ಆರಂಭವಾಗುವುದು ದೈವಶಾಸ್ತ್ರದಿಂದಲ್ಲ, ತುರಚಿ ಗಿಡಗಳಿಂದ. ವಸಂತ ಬಂದಾಗ ಅವುಗಳ ಬೇರು ಕಿತ್ತು, ಮಣ್ಣು ಹದಮಾಡಿ, ಕೈಯಾರೆ ನೀರುಣಿಸಿದ ಬಳಿಕವೇ ಕವಿ ಒಂದೊಂದು ಸಸ್ಯದ ಗುಣವನ್ನು ಹೇಳುತ್ತಾನೆ. ಗುಲಾಬಿಯಲ್ಲಿ ರಕ್ತಸಾಕ್ಷಿಗಳ ನೆತ್ತರನ್ನೂ ಲಿಲಿಯಲ್ಲಿ ವಿಶ್ವಾಸದ ಬೆಳಕನ್ನೂ ಕಾಣುವುದು ಕಟ್ಟಕಡೆಯಲ್ಲಿ. ಮೊದಲು ಗುದ್ದಲಿ, ಆಮೇಲೆ ಧ್ಯಾನ: ಈ ಕ್ರಮವನ್ನು ನಾವು ಗಮನಿಸಬೇಕು.

ಮುಂದಿನ ಶತಮಾನಗಳಲ್ಲಿ ಪರಮಗೀತದ ನಾಲ್ಕನೆಯ ಅಧ್ಯಾಯದ ಮುಚ್ಚಿದ ಉದ್ಯಾನವನ್ನು ಧರ್ಮಸಭೆಯ ವ್ಯಾಖ್ಯಾನಕಾರರು ಮರಿಯಮ್ಮನವರ ಕನ್ಯತ್ವದ ಸಂಕೇತವಾಗಿ ಓದಿದರು. ಕಲಾವಿದರು ಅದನ್ನೇ ಚಿತ್ರಿಸಿದರು. ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ಸಂಗ್ರಹಾಲಯದಲ್ಲಿರುವ, ಸುಮಾರು 1410–20ರ ‘ಪುಟ್ಟ ಪರದೈಸು’ ಚಿತ್ರದಲ್ಲಿ ಮಾತೆ ಹೂಗಳ ನಡುವೆ ಕುಳಿತು ಪುಸ್ತಕ ಓದುತ್ತಿದ್ದಾರೆ. ಗುರುತಿಸಬಹುದಾದ 20ಕ್ಕೂ ಹೆಚ್ಚು ಬಗೆಯ ಸಸ್ಯಗಳು ಅಲ್ಲಿವೆ. ಬೇರೆ ಬೇರೆ ತಿಂಗಳ ಹೂಗಳು ಒಟ್ಟಿಗೆ ಅರಳಿರುವುದರಿಂದ ಅದು ಮುಂಬರುವ ಲೋಕದ ತೋಟ. ಈ ಲೋಕದ ತೋಟದಲ್ಲಿ ಹೂಗಳು ಸರದಿಯಂತೆ ಬರುತ್ತವೆ.

ಆ ಸರದಿಯನ್ನು ಬಲ್ಲವರು ಅಕ್ಷರ ಅರಿಯದ ರೈತರು. ವಸಂತದಲ್ಲಿ ಅರಳುವ ಲಿಲಿ ಆಫ್ ದ ವ್ಯಾಲಿ ಅವರಿಗೆ ಮಾತೆಯ ಕಣ್ಣೀರಾಯಿತು. ಕೊಲಂಬೈನ್ ಮಾತೆಯ ಪಾದರಕ್ಷೆ. ಬೇಸಿಗೆಯ ಕ್ಯಾಲೆಂಡುಲ ಮರಿಯಮ್ಮನವರ ಚಿನ್ನ. ಮಧ್ಯ ಐರೋಪ್ಯದಲ್ಲಿ ಮೇ 11ರಿಂದ 15ರವರೆಗೆ ಬರುವ ಮಾಮೆರ್ಟುಸ್, ಪಾಂಕ್ರಾಸ್, ಸೆರ್ವಾಸ್, ಬೋನಿಫಾಸ್ ಮತ್ತು ಸೋಫಿಯಾ ಸಂತರನ್ನು ಜನರು ‘ಮಂಜಿನ ಸಂತರು’ ಎಂದು ಕರೆದರು. ಅವರ ಸ್ಮರಣೆಯ ದಿನಗಳು ಕಳೆಯುವ ತನಕ ಕೊನೆಯ ಇಬ್ಬನಿ ಹೆಪ್ಪುಗಟ್ಟುವ ಭಯವಿರುವುದರಿಂದ ಎಳೆಯ ಸಸಿಗಳನ್ನು ಹೊರಗೆ ನೆಡುತ್ತಿರಲಿಲ್ಲ. ಹೀಗೆ ಸಂತರ ಪಂಚಾಂಗವೇ ತೋಟಗಾರನ ಪಂಚಾಂಗವಾಗಿತ್ತು. ಹೂವಿನ ಹೆಸರೇ ಬಡವರ ಧರ್ಮೋಪದೇಶವಾಗಿತ್ತು.

ಧರ್ಮಸುಧಾರಣೆಯ ನಂತರ ಇಂಗ್ಲೆಂಡಿನಲ್ಲಿ ‘ನಮ್ಮ ಮಾತೆಯ’ ಎಂಬ ವಿಶೇಷಣ ಸವೆದು ಅನೇಕ ಹೂಗಳು ಬರಿಯ ‘ಲೇಡಿ’ಯವಾದವು. 1753ರಲ್ಲಿ ಲಿನೇಯಸ್, ಹಿಂದಿನ ಸಸ್ಯಗ್ರಂಥಗಳು ಮರಿಯಮ್ಮನವರ ಪಾದರಕ್ಷೆ ಎಂದಿದ್ದ ಆರ್ಕಿಡ್‌ಗೆ ವೀನಸ್ ದೇವತೆಯನ್ನು ಸೂಚಿಸುವ ‘ಸಿಪ್ರಿಪೀಡಿಯಂ’ ಎಂಬ ಹೆಸರಿಟ್ಟನು. ಇದನ್ನು ವಿಜ್ಞಾನದ ವೈರವೆಂದು ಬಗೆಯುವುದು ಅವಸರವಾದೀತು. ಹಾಲುಮುಳ್ಳಿನ ಗಿಡಕ್ಕೆ ‘ಮರಿಯಾನುಸ್’ ಎಂಬ ವಿಶೇಷಣವನ್ನು ಉಳಿಸಿದವನೂ ಅವನೇ. ಅದರ ಎಲೆಯ ಬಿಳಿ ಗೆರೆಗಳು ಮಾತೆಯ ಹಾಲಿನ ಹನಿಗಳೆಂಬ ಜನರ ನಂಬಿಕೆಯ ನೆನಪು ಇಂದಿಗೂ ವೈಜ್ಞಾನಿಕ ನಾಮದಲ್ಲಿದೆ.

ಈ ಸಂಪ್ರದಾಯ ಮತ್ತೆ ಚಿಗುರಿದ್ದು ವಿಜ್ಞಾನಿಗಳ ನೆರೆಯಲ್ಲಿಯೇ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವುಡ್ಸ್ ಹೋಲ್‌ನಲ್ಲಿ, ಕಡಲಜೀವಶಾಸ್ತ್ರ ಪ್ರಯೋಗಾಲಯದ ಮುಖ್ಯಸ್ಥರ ಪತ್ನಿ ಫ್ರಾನ್ಸಿಸ್ ಕ್ರೇನ್ ಲಿಲ್ಲಿ 1929ರಲ್ಲಿ ತ್ರಿಕಾಲ ಪ್ರಾರ್ಥನೆಯ ಗಂಟೆಗೋಪುರವನ್ನು ಕಟ್ಟಿಸಿದರು. ಅದರ ಗಂಟೆಗಳಿಗೆ ಮೆಂಡೆಲ್ ಮತ್ತು ಪಾಶ್ಚರ್ ಹೆಸರುಗಳಿವೆ. 1932ರಲ್ಲಿ ಅದರ ಬುಡದಲ್ಲಿ ಮಧ್ಯಯುಗದ ಹೆಸರುಗಳುಳ್ಳ ಸಸ್ಯಗಳ ಉದ್ಯಾನ ಮೂಡಿತು. ಅದರಿಂದ ಪ್ರೇರಿತರಾದ ಎಡ್ವರ್ಡ್ ಮೆಕ್‌ಟೇಗ್ ಮತ್ತು ಜಾನ್ ಸ್ಟೋಕ್ಸ್ 1951ರಲ್ಲಿ ಫಿಲಡೆಲ್ಫಿಯಾದಿಂದ ಈ ಪದ್ಧತಿಯನ್ನು ಮನೆಮನೆಯ ಅಂಗಳಕ್ಕೆ ತಲುಪಿಸಲು ತೊಡಗಿದರು. ಪ್ರತಿಮೆಗಿಂತ ಹೆಚ್ಚಾಗಿ ಕೈಯ ಕೆಲಸವೇ ಅಲ್ಲಿಯೂ ಪ್ರಾರ್ಥನೆಯಾಯಿತು.

ಪೋಪ್ ಆರನೆಯ ಪೌಲ್ 1965ರಲ್ಲಿ ‘ಮೆನ್ಸೆ ಮಾಯೊ’ ವಿಶ್ವಪತ್ರದ ಮೂಲಕ ಮೇ ತಿಂಗಳ ಭಕ್ತಿಯನ್ನು ಎತ್ತಿಹಿಡಿದರು. ಅದಕ್ಕೂ ಮುನ್ನ, 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ದೈವಾರಾಧನಾ ಸಂವಿಧಾನವು ಜನರ ಭಕ್ತಿಕಾರ್ಯಗಳು ಆರಾಧನಾ ಕಾಲಗಳಿಗೆ ಹೊಂದಿಕೊಂಡು, ಜನರನ್ನು ಆರಾಧನೆಯತ್ತ ನಡೆಸಬೇಕೆಂದು ವಿಧಿಸಿತ್ತು. ಆರಾಧನಾ ಕಾಲಕ್ಕೆ ಹೊಂದುವುದರ ಜೊತೆಗೆ ನೆಲದ ಕಾಲಕ್ಕೂ ಹೊಂದಬೇಕೆಂಬುದು ಈ ಚರಿತ್ರೆ ನಮಗೆ ಕಲಿಸುವ ಪಾಠ.

ಆ ಪಾಠವನ್ನು ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರು ಆಗಲೇ ಬಲ್ಲರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ಹೂಗಳನ್ನು ತಂದು ಬಾಲಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದಂದು ಹೊಸ ತೆನೆಯನ್ನು ಗುರುಗಳು ಆಶೀರ್ವದಿಸುತ್ತಾರೆ. ಮಳೆಯ ಕೊನೆಯ ಆ ದಿನಗಳಲ್ಲಿ ಹೂವೂ ಅನ್ನವೂ ಒಂದೇ ಮಣ್ಣಿನಿಂದ ಬಂದು ಒಂದೇ ಪೀಠದ ಮುಂದೆ ಸೇರುತ್ತವೆ.

ಆದುದರಿಂದ ಮೇ ತಿಂಗಳ ಭಕ್ತಿಯನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಮೇ ತಿಂಗಳಿಗೂ ಮಲ್ಲಿಗೆಯಿದೆ, ಗುಲ್‌ಮೊಹರ್ ಇದೆ. ಆದರೆ ಪ್ರತಿಮೆಯ ಮುಂದೆ ಪ್ಲಾಸ್ಟಿಕ್ ಲಿಲಿಯನ್ನಿಟ್ಟು ತೃಪ್ತರಾಗುವಾಗ, ವಾಲಾಫ್ರಿಡ್‌ನ ಪದ್ಯದ ಕೊನೆಯನ್ನು ಮಾತ್ರ ಓದಿ ಆರಂಭವನ್ನು ಮರೆತಂತಾಗುತ್ತದೆ. ನಾಳೆ ಧರ್ಮಕೇಂದ್ರಗಳಿಗೆ ಹೋಗುವ ಗುರುವಿದ್ಯಾರ್ಥಿಗಳು ಅಲ್ಲಿಯ ಅಜ್ಜಿಯರನ್ನು ಒಮ್ಮೆ ಕೇಳಲಿ: ನಿಮ್ಮ ಹಿತ್ತಿಲಲ್ಲಿ ಈಗ ಏನು ಅರಳಿದೆ? ಅದನ್ನು ಏನೆಂದು ಕರೆಯುತ್ತೀರಿ? ಮರಿಯಮ್ಮನವರ ಉದ್ಯಾನ ಅಲ್ಲಿಂದ ಆರಂಭವಾಗಲಿ.